ದಾಸವಾಳಕ್ಕೆ ಚಳಿ ಆಗ್ತಿಲ್ಲ, ಒಳಗೆ ತರಬೇಡಿ

ಪೋಸ್ಟ್ 1

ನವೆಂಬರ್ ಬಂತು, ನನ್ನ ಫೀಡ್‌ನಲ್ಲಿ ಮತ್ತೆ ಅದೇ ರೀಲ್‌ಗಳು ಶುರು. ಸ್ವೆಟರ್ ಹಾಕ್ಕೊಂಡು, ಕಾಫಿ ಮಗ್ ಹಿಡ್ಕೊಂಡು, ಹಿಂದೆ ಮೆಲ್ಲಗೆ ಪಿಯಾನೊ ಬಿಟ್ಟು, "ಚಳಿಗಾಲ ಬಂತು ಫ್ರೆಂಡ್ಸ್, ನಿಮ್ಮ ಸೂಕ್ಷ್ಮ ಹೂವಿನ ಗಿಡಗಳನ್ನ ಈಗಲೇ ಮನೆಯೊಳಗೆ ತನ್ನಿ, ಇಲ್ಲಾಂದ್ರೆ ಕಳ್ಕೋತೀರಾ" ಅಂತಾರೆ. ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಕಾಣೋದು ನಮ್ಮದೇ ಊರಿನ ತೆಂಗಿನಮರ. ಅದು ಹೊರಗೇ ನಿಂತಿದೆ. ಅದಕ್ಕೆ ಯಾರೂ ಶಾಲು ಹೊದಿಸಿಲ್ಲ.

ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರು, ಮಂಗಳೂರು ಕಡೆಯವರಿಗೆ ನೇರವಾಗಿ ಹೇಳ್ತಿದೀನಿ: ತರಬೇಡಿ. ದಾಸವಾಳ, ಮಲ್ಲಿಗೆ, ಕನಕಾಂಬರ, ಬೋಗನ್‌ವಿಲ್ಲಾ, ಯಾವುದನ್ನೂ ತರಬೇಡಿ. ನಮ್ಮೂರ ಚಳಿಗೆ ಇವು ಸಾಯಲ್ಲ. ನಮ್ಮಂಥ ಸಣ್ಣ ಮನೆಯ ಕತ್ತಲಿಗೆ ಸಾಯ್ತವೆ.

ಫೋಟೋದಲ್ಲಿರೋ ಖಾಲಿ ಕುಂಡ ನಮ್ಮ ಮನೇದು. ಇದರಲ್ಲಿ ಹನ್ನೊಂದು ವರ್ಷ ಒಂದು ದುಂಡು ಮಲ್ಲಿಗೆ ಇತ್ತು. ಹೋದ ವರ್ಷ ಇದೇ ತಿಂಗಳು ನಾನು ಅದನ್ನ ಒಳಗೆ ತಂದೆ. ಜನವರಿ ಮುಗಿಯೋದ್ರೊಳಗೆ ಹೋಯ್ತು.

ಇದು ಒಂದು ಕ್ಯಾಪ್ಶನ್‌ಗೆ ಹಿಡಿಸೋ ವಿಷಯ ಅಲ್ಲ, ಪೋಸ್ಟ್ ಮೇಲೆ ಪೋಸ್ಟ್ ಹಾಕ್ತೀನಿ. ನಾಡಿದ್ದು ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ ಅಂತ ನನಗೂ ಗೊತ್ತು. ಕ್ಲಾಸ್ ಗ್ರೂಪಲ್ಲಿ ಉಗೀಬೇಡಿ.

ಪೋಸ್ಟ್ 2

ನಮ್ಮದು ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಗ್ರೌಂಡ್ ಫ್ಲೋರ್. ಬೆಂಗಳೂರಲ್ಲಿ ಬಾಡಿಗೆಗೆ ಇರೋರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ. ಮೂರು ಕಡೆ ಪಕ್ಕದವರ ಗೋಡೆ, ಒಂದು ಕಡೆ ರೋಡ್. ಹಗಲು ಹನ್ನೆರಡಕ್ಕೂ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರೀಬೇಕು. ಓನರ್ ಆಂಟಿ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕ ಆರು ಕುಂಡ ಇಟ್ಕೊಳ್ಳೋಕೆ ಬಿಟ್ಟಿದ್ದಾರೆ. ಅಮ್ಮನ ತೋಟ ಅಂದ್ರೆ ಅಷ್ಟೇ. ಎರಡು ದಾಸವಾಳ, ಒಂದು ಗುಲಾಬಿ, ಒಂದು ಜೆರೇನಿಯಂ, ಕನಕಾಂಬರ, ಮತ್ತೆ ಆ ಮಲ್ಲಿಗೆ. ಮಲ್ಲಿಗೆ ಅಜ್ಜಿ ಮನೆ ಹಿತ್ತಲಿಂದ ಕಡ್ಡಿಯಾಗಿ ಬಂದಿದ್ದು. ಈಗ ಅಜ್ಜಿ ಇಲ್ಲ. ಹಿತ್ತಲೂ ಇಲ್ಲ, ಅದು ಸೈಟ್ ಆಗಿ ಮಾರಿಹೋಯ್ತು.

ನಾನು ರೀಲ್ ನೋಡಿದೆ. ಅಮ್ಮ "ಬೇಡ ಕಣೋ, ಅವು ಮೇಲೇ ಇರ್ಲಿ, ಯಾವತ್ತಾದ್ರೂ ಒಳಗೆ ತಂದಿದೀವಾ" ಅಂದ್ಲು. ನಾನು ಫೋನ್ ತೋರಿಸಿದೆ. ಲಕ್ಷಗಟ್ಟಲೆ ವ್ಯೂಸ್ ಇದೆ ಅಮ್ಮ, ಅವರಿಗೆ ಗೊತ್ತಿರಲ್ವಾ ಅಂದೆ. ಆರೂ ಕುಂಡ ಹೊತ್ತು ಎರಡು ಮಹಡಿ ಇಳಿಸಿದೆ. ಟಿವಿ ಸ್ಟ್ಯಾಂಡ್ ಪಕ್ಕ ಎರಡು, ಬಾಗಿಲ ಹಿಂದೆ ಎರಡು, ಅಡುಗೆಮನೆ ಕಿಟಕಿ ಹತ್ರ ಒಂದು, ಬಾತ್‌ರೂಮ್ ಮುಂದೆ ಒಂದು. ಕಾಲಿಡೋಕೆ ಜಾಗ ಇರಲಿಲ್ಲ. ಫೋಟೋ ಮಾತ್ರ ಸಖತ್ತಾಗಿ ಬಂತು. ನಿಮ್ಮಲ್ಲಿ ಎಷ್ಟೋ ಜನ ಹಾರ್ಟ್ ಹಾಕಿದ್ರಿ, ಆ ಪೋಸ್ಟ್ ಈಗಲೂ ಇದೆ, ಕೆಳಗೆ ಸ್ಕ್ರೋಲ್ ಮಾಡಿ.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಎರಡನೇ ವಾರ ಎಲೆ ಹಳದಿ ಆಯ್ತು. ಬಾಯಾರಿಕೆ ಅಂದ್ಕೊಂಡು ನೀರು ಜಾಸ್ತಿ ಹಾಕಿದೆ. ಇನ್ನೂ ಹಳದಿ, ಇನ್ನೂ ನೀರು. ದಾಸವಾಳದ ಚಿಗುರಿಗೆ ಬಿಳಿ ಹತ್ತಿ ಥರ ಹಿಟ್ಟು ತಿಗಣೆ ಮೆತ್ಕೊಂಡ್ವು. ಮೊದಲು ಕನಕಾಂಬರ ಹೋಯ್ತು, ಆಮೇಲೆ ಒಂದು ದಾಸವಾಳ, ಆಮೇಲೆ ಜೆರೇನಿಯಂ. ಸಂಕ್ರಾಂತಿ ಹೊತ್ತಿಗೆ ಮಲ್ಲಿಗೆಯಲ್ಲಿ ಬರೀ ಕಡ್ಡಿ ಉಳಿದಿತ್ತು. ಉಗುರಿಂದ ಕೆರೆದು ನೋಡಿದೆ, ಒಳಗೆ ಹಸಿರಿರಲಿಲ್ಲ. ಕಿತ್ತಾಗ ಬೇರು ಮೋರಿ ವಾಸನೆ ಹೊಡೀತಿತ್ತು.

ಅಮ್ಮ ಬೈಲಿಲ್ಲ. "ಹೋಗ್ಲಿ ಬಿಡು" ಅಂದ್ಲು. ಬೈದಿದ್ರೆ ಚೆನ್ನಾಗಿರ್ತಿತ್ತು.

ಪೋಸ್ಟ್ 3

ಯಾಕೆ ಸತ್ತವು ಅಂತ ತಿಳ್ಕೊಳ್ಳೋಕೆ ನನಗೆ ಎರಡು ತಿಂಗಳು ಹಿಡೀತು. ನಾನು ಕಾಮರ್ಸ್, ಬಾಟನಿ ಬಿಟ್ಟು ಎಷ್ಟೋ ವರ್ಷ ಆಯ್ತು. ಕೊನೆಗೆ ಅರ್ಥ ಆಗಿದ್ದೂ ಅಕೌಂಟ್ಸ್ ಭಾಷೆಯಲ್ಲೇ.

ಫೋನಲ್ಲಿ ಬೆಳಕು ಅಳೆಯೋ ಆ್ಯಪ್ ಹಾಕ್ಕೊಂಡೆ. ಫೋನಿನ ಸೆನ್ಸರ್ ಲ್ಯಾಬ್ ಮೀಟರ್ ಅಲ್ಲ, ಒಪ್ತೀನಿ, ಆದ್ರೆ ಅಂದಾಜು ಸಿಗುತ್ತೆ. ಬೆಳಗ್ಗೆ 11 ಗಂಟೆಗೆ ಟೆರೇಸಿನಲ್ಲಿ 70,000 ಲಕ್ಸ್ ದಾಟಿತು. ಅಡುಗೆಮನೆ ಕಿಟಕಿ ಹತ್ರ ಸುಮಾರು 600. ಟಿವಿ ಸ್ಟ್ಯಾಂಡ್ ಪಕ್ಕ 45. ಟ್ಯೂಬ್‌ಲೈಟ್ ಹಾಕಿದ್ಮೇಲೆ 120. ಮತ್ತೊಂದ್ಸಲ ಓದಿ. ಎಪ್ಪತ್ತು ಸಾವಿರ, ನಲವತ್ತೈದು.

ನಮ್ಮ ಕಣ್ಣಿಗೆ ಈ ವ್ಯತ್ಯಾಸ ಗೊತ್ತಾಗಲ್ಲ. ಕತ್ತಲಿಗೆ ಕಣ್ಣಿನ ಪಾಪೆ ಅಗಲ ಆಗುತ್ತೆ, "ಬೆಳಕಿದ್ಯಲ್ಲ" ಅನ್ಸುತ್ತೆ. ಗಿಡಕ್ಕೆ ಬೆಳಕು ಅಂದ್ರೆ ಸಂಬಳ. ಎಲೆ ಬೆಳಕಲ್ಲಿ ಸಕ್ಕರೆ ಮಾಡಿ ಗಳಿಸುತ್ತೆ, ಹಗಲು ರಾತ್ರಿ ಉಸಿರಾಡಿ ಖರ್ಚು ಮಾಡುತ್ತೆ. ಟೆರೇಸಿನಲ್ಲಿ ಗಳಿಕೆ ಜಾಸ್ತಿ, ಖರ್ಚು ಕಳೆದು ಉಳಿದಿದ್ದೇ ಚಿಗುರು, ಮೊಗ್ಗು. ಟಿವಿ ಪಕ್ಕ ಇಟ್ರೆ ಗಳಿಕೆ ಹೆಚ್ಚುಕಮ್ಮಿ ಸೊನ್ನೆ. ಖರ್ಚು ನಿಲ್ಲಲ್ಲ. ಕಾಂಡದಲ್ಲಿ, ಬೇರಲ್ಲಿ ಕೂಡಿಟ್ಟಿದ್ದ ಡಿಪಾಸಿಟ್ ಒಡೆದು ತಿನ್ನುತ್ತೆ. ಹಳೇ ಎಲೆ ಹಳದಿ ಮಾಡಿ ಅದರ ಸಾರ ಎಳ್ಕೊಳ್ಳುತ್ತೆ. ಡಿಪಾಸಿಟ್ ಖಾಲಿ ಆದ ದಿನ ಅಂಗಡಿ ಬಾಗಿಲು ಹಾಕುತ್ತೆ.

ಇನ್ನೊಂದು ವಿಷ್ಯ. ಮಣ್ಣಲ್ಲಿರೋ ನೀರನ್ನ ಎಳೆಯೋದೂ ಎಲೆಯ ಕೆಲಸಾನೇ. ಬಿಸಿಲು ಗಾಳಿ ಇಲ್ದೇ ಎಲೆ ನೀರು ಎಳೆಯಲ್ಲ, ಕುಂಡ ಹಸೀನೇ ಇರುತ್ತೆ, ಬೇರಿಗೆ ಗಾಳಿ ಸಿಗಲ್ಲ, ಕೊಳೆಯುತ್ತೆ. ಬೇರು ಕೊಳೆತಾಗಲೂ ಎಲೆ ಬಾಡೋದು, ಹಳದಿ ಆಗೋದು. ನೀರು ಸಾಲದೇ ಇದ್ದಾಗಲೂ ಅಷ್ಟೆ. ನಾನು ತಪ್ಪು ಓದಿದೆ. ಮುಳುಗ್ತಿರೋನಿಗೆ ದಿನಾ ಒಂದೊಂದು ಚೊಂಬು ನೀರು ಕುಡಿಸ್ದೆ.

ಪೋಸ್ಟ್ 4

ಹಾಗಾದ್ರೆ ಆ ಸಲಹೆ ಹುಟ್ಟಿದ್ದೆಲ್ಲಿ? ಪೂರ್ತಿ ಸುಳ್ಳಾ? ಅಲ್ಲ. ಅದು ಇನ್ನೊಂದು ಊರಿನ ಸತ್ಯ.

ನನ್ನ ಚಿಕ್ಕಮ್ಮ ಶಿಕಾಗೋದಲ್ಲಿದ್ದಾರೆ, ಇಬ್ಬರಿಗೆ ಸಾಲೋವಷ್ಟು ಸಣ್ಣ ಅಪಾರ್ಟ್‌ಮೆಂಟ್. 2019ರ ಜನವರಿ 30ರಂದು ಆ ಊರಲ್ಲಿ ಮೈನಸ್ 30 ಡಿಗ್ರಿ ಆಗಿತ್ತು. ಅಲ್ಲಿ ದಾಸವಾಳ ಬಾಲ್ಕನಿಯಲ್ಲಿ ಬಿಟ್ರೆ ಎಲೆಯೊಳಗಿನ ನೀರೇ ಮಂಜುಗಡ್ಡೆಯಾಗಿ ಕೋಶ ಒಡೆದು, ಬೆಳಗ್ಗೆ ಬೇಯಿಸಿದ ಸೊಪ್ಪಿನ ಥರ ಕಪ್ಪಗೆ ಜೋತುಬಿದ್ದಿರುತ್ತೆ. ಅಷ್ಟು ದೂರ ಹೋಗೋದೂ ಬೇಡ, ದಾಸವಾಳ 10 ಡಿಗ್ರಿಗಿಂತ ಕೆಳಗೆ ಹೋದ್ರೇ ಗೋಳಾಡುತ್ತೆ. ಅವರು ಒಳಗೆ ತರಲೇಬೇಕು.

ನನ್ನ ಕಥೆ ಹೇಳ್ದಾಗ ಚಿಕ್ಕಮ್ಮ ಮೊದಲು ಕೇಳಿದ್ದು, "ನವೆಂಬರಲ್ಲಿ ತಂದ್ಯಾ? ಇಲ್ಲಿ ನವೆಂಬರ್ ತನಕ ಹೊರಗಿಟ್ರೆ ತರೋಕೆ ಏನೂ ಉಳಿದಿರಲ್ಲ ಕಣೋ." ಅಲ್ಲಿ ಸೆಪ್ಟೆಂಬರ್ ಕೊನೆಗೇ, ರಾತ್ರಿ ತಂಪಾಗ್ತಿದ್ದ ಹಾಗೇ ಕೆಲಸ ಮುಗಿಸ್ತಾರಂತೆ. ಅಂದ್ರೆ ಆ ರೀಲ್ ನಮ್ಮೂರಿಗೂ ತಪ್ಪು, ಶಿಕಾಗೋಗೂ ತಪ್ಪು. ನವೆಂಬರಲ್ಲಿ ಜನ ಸ್ವೆಟರ್ ಹುಡುಕ್ತಾರೆ, ಅದಕ್ಕೇ ನವೆಂಬರಲ್ಲಿ ಬರುತ್ತೆ.

ಆಮೇಲೆ ಅವರು ಹೇಳಿದ ಕೆಲಸದ ಪಟ್ಟಿ ಕೇಳಿ ನಾನು ಸುಸ್ತು. ಇರೋ ಹತ್ತು ಕುಂಡದಲ್ಲಿ ಎರಡೋ ಮೂರೋ ಆರಿಸ್ಕೋತಾರೆ, ಯಾಕಂದ್ರೆ ದಕ್ಷಿಣಕ್ಕೆ ಮುಖ ಮಾಡಿರೋ ಕಿಟಕಿ ಒಂದೇ. ಮಿಕ್ಕಿದ್ರಿಂದ ಕಡ್ಡಿ ಮುರಿದು ಗ್ಲಾಸಲ್ಲಿ ಬೇರು ಬರಿಸ್ತಾರೆ, ಒಂದು ಗ್ಲಾಸಿನ ಜಾಗದಲ್ಲಿ ಒಂದು ಗಿಡ ಉಳಿಯುತ್ತೆ. ತರೋ ಮುಂಚೆ ದಾಸವಾಳನ ಮೂರನೇ ಒಂದು ಭಾಗ ಕತ್ತರಿಸಿ, ಎಲೆಯ ಹಿಂದೆ ಮುಂದೆ ತೊಳೆದು, ಹುಳ ಇಲ್ಲ ಅಂತ ನೋಡಿ, ಒಂದೆರಡು ವಾರ ಬೇರೆ ಗಿಡದಿಂದ ದೂರ ಇಡ್ತಾರೆ. ಹೀಟರ್ ಗಾಳಿ ಬಡಿಯೋ ಕಡೆ ಇಡಲ್ಲ, ಆ ಒಣಗಾಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಎಲೆ ತುಂಬ ಬಲೆ ಕಟ್ಟುತ್ತಂತೆ. ಗೊಬ್ಬರ ನಿಲ್ಲಿಸ್ತಾರೆ. ಬೆರಳು ಚುಚ್ಚಿ ಮೇಲ್ಮಣ್ಣು ಒಣಗಿದ್ರೆ ಮಾತ್ರ ನೀರು. ಮೇ ಮಧ್ಯದವರೆಗೆ ಹೀಗೇ. ಹೊರಗೆ ಇಡೋವಾಗಲೂ ಒಂದು ವಾರ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ, ಇಲ್ಲಾಂದ್ರೆ ಎಲೆ ಸುಟ್ಟು ಬೆಳ್ಳಗಾಗುತ್ತೆ. ಏಳೂವರೆ ತಿಂಗಳ ನೌಕರಿ ಇದು. ರೀಲಲ್ಲಿ 22 ಸೆಕೆಂಡ್ ಇತ್ತು.

ಪೋಸ್ಟ್ 5

ಚಿಕ್ಕಮ್ಮ ಹೇಳಿದ್ರಲ್ಲಿ ಜೆರೇನಿಯಂ ವಿಷ್ಯ ನನ್ನ ತಲೆ ತಿರುಗಿಸ್ತು. ಅದಕ್ಕೆ ಪ್ರತ್ಯೇಕ ಪೋಸ್ಟ್.

ಜೆರೇನಿಯಂ ಮೂಲ ದಕ್ಷಿಣ ಆಫ್ರಿಕಾ. ಹಿಮ ಬಿದ್ರೆ ಉಳಿಯಲ್ಲ. ಆದ್ರೆ ಅಲ್ಲಿ ಎಷ್ಟೋ ಜನ ಅದನ್ನ ಕಿಟಕಿ ಹತ್ರಾನೂ ಇಡಲ್ಲ. ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಪೇಪರ್ ಬ್ಯಾಗಲ್ಲಿ ಹಾಕಿ ನೆಲಮಾಳಿಗೆಯಲ್ಲಿ ಇಟ್ಬಿಡ್ತಾರೆ. ಪೂರ್ತಿ ಕತ್ತಲು. ತಿಂಗಳಿಗೊಮ್ಮೆ ತೆಗೆದು ಬೇರು ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ ಮತ್ತೆ ಒಳಗೆ. ವಸಂತದಲ್ಲಿ ನೆಟ್ರೆ ಚಿಗುರುತ್ತೆ. ಚಿಕ್ಕಮ್ಮ ತಮ್ಮ ಬಿಲ್ಡಿಂಗಿನ ಬೇಸ್‌ಮೆಂಟಲ್ಲಿ ಇಡ್ತಾರೆ.

ನಮ್ಮ ಜೆರೇನಿಯಂ ಕತ್ತಲಲ್ಲಿ ಸತ್ತಿತು, ಅವರದ್ದು ಅದಕ್ಕಿಂತ ದೊಡ್ಡ ಕತ್ತಲಲ್ಲಿ ಬದುಕಿತು. ಹೇಗೆ?

ಖರ್ಚು! ಅವರ ಬೇಸ್‌ಮೆಂಟ್ 5ರಿಂದ 10 ಡಿಗ್ರಿ. ಆ ತಂಪಲ್ಲಿ ಗಿಡದ ಉಸಿರಾಟ ನಿಧಾನ ಆಗುತ್ತೆ. ಗಳಿಕೆ ಇಲ್ಲ, ಖರ್ಚೂ ಇಲ್ಲ, ಡಿಪಾಸಿಟ್ ಹಾಗೇ ಇರುತ್ತೆ. ನಮ್ಮ ಹಾಲ್ ಡಿಸೆಂಬರಲ್ಲೂ 23, 24 ಡಿಗ್ರಿ. ಬೆಚ್ಚಗೆ ಇರೋದ್ರಿಂದ ಗಿಡದ ಯಂತ್ರ ಪೂರ್ತಿ ಸ್ಪೀಡಲ್ಲಿ ಓಡುತ್ತೆ, ಕತ್ತಲಿರೋದ್ರಿಂದ ಪೆಟ್ರೋಲ್ ಬರಲ್ಲ. ಬೆಳಕು ಕಮ್ಮಿ ಇದ್ರೆ ತಂಪೂ ಇರಬೇಕು, ಬೆಚ್ಚಗಿದ್ರೆ ಬೆಳಕೂ ಇರಬೇಕು. ಬೆಂಗಳೂರಿನ ಸಣ್ಣ ಬಾಡಿಗೆ ಮನೇಲಿ ಚಳಿಗಾಲಕ್ಕೆ ಸಿಗೋದು ಬೆಚ್ಚನೆಯ ಕತ್ತಲು. ಎರಡರಲ್ಲೂ ಕೆಟ್ಟದ್ದು ಯಾವ್ದೋ ಅದು.

ಈ ಒಂದು ಮಾತು ಯಾವ ರೀಲೂ ಹೇಳಲಿಲ್ಲ. "ಬೆಚ್ಚಗಿಡಿ" ಅಂತಷ್ಟೇ ಹೇಳಿದ್ವು.

ಪೋಸ್ಟ್ 6

ಹೋದ ವರ್ಷ ಇದನ್ನೇ ಕ್ಲಾಸಲ್ಲಿ ಹೇಳಿದಾಗ ಒಬ್ಬ "ಬೆಂಗಳೂರಲ್ಲೂ ಚಳಿ ಆಗುತ್ತಪ್ಪ" ಅಂದ. ಅವನು ಜಾಕೆಟ್ ಹಾಕಿದ್ದ, ಪಾಪ. ಆಗುತ್ತೆ. ನಮಗೆ. ಜನವರಿಯಲ್ಲಿ ಬೆಂಗಳೂರಿನ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿ ಆಸುಪಾಸು. ಹಗಲು 27. ಈ ಊರಿನ ದಾಖಲೆಯಲ್ಲೇ ಅತಿ ಕಡಿಮೆ ಅಂದ್ರೆ 7.8 ಡಿಗ್ರಿ, 1884ರ ಜನವರಿ 13ರಂದು. ನೂರ ನಲವತ್ತು ವರ್ಷ ಆಯ್ತು, ಇನ್ನೂ ಯಾವ ರಾತ್ರಿಯೂ ಅದನ್ನ ಮುರಿದಿಲ್ಲ. ಆ ರಾತ್ರಿ ಕೂಡ ನೀರು ಹೆಪ್ಪುಗಟ್ಟೋ ಮಟ್ಟಕ್ಕೆ ಏಳು ಡಿಗ್ರಿ ಮೇಲೇ ಇತ್ತು.

ಇಷ್ಟಕ್ಕೂ ನಂಬಿಕೆ ಬರದಿದ್ರೆ ಲಾಲ್‌ಬಾಗ್‌ಗೆ ಹೋಗಿ. ಫ್ಲವರ್ ಶೋ ಯಾವಾಗ ಮಾಡ್ತಾರೆ? ಆಗಸ್ಟ್ 15ಕ್ಕೆ ಒಂದು, ಜನವರಿ 26ಕ್ಕೆ ಇನ್ನೊಂದು. ಚಳಿಗಾಲದ ನಟ್ಟನಡುವೆ ಊರೇ ಸೇರಿ ಹೂ ನೋಡೋಕೆ ಕ್ಯೂ ನಿಲ್ಲುತ್ತೆ, ನಾವು ಅದೇ ತಿಂಗಳು ಮನೇಲಿ ದಾಸವಾಳನ ಬಾಗಿಲ ಹಿಂದೆ ಬಚ್ಚಿಡ್ತೀವಿ.

ಗ್ಲಾಸ್‌ಹೌಸ್ ಬಗ್ಗೆಯೂ ಹೇಳ್ಬಿಡ್ತೀನಿ. ಯುರೋಪಿನಲ್ಲಿ ಗಾಜಿನ ಮನೆ, ಅದಕ್ಕೂ ಮುಂಚೆ ಕಿತ್ತಳೆ ಮನೆ, ಕಟ್ಟಿದ್ದೇ ಗಿಡವನ್ನ ಚಳಿಯಿಂದ ಕಾಯೋಕೆ. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ 1686ರಲ್ಲಿ ಮುಗಿದ ದೊಡ್ಡ ಕಿತ್ತಳೆ ಮನೆ ಇದೆ. ಮರದ ಪೆಟ್ಟಿಗೆಯಲ್ಲಿ ಬೆಳೆದ ನೂರಾರು ಕಿತ್ತಳೆ ಗಿಡಗಳನ್ನ ಚಳಿಗೆ ಒಳಗೆ, ಬೇಸಿಗೆಗೆ ಹೊರಗೆ ಸಾಗಿಸ್ತಾರೆ, ಇವತ್ತಿಗೂ. ದಕ್ಷಿಣಕ್ಕೆ ಎತ್ತರದ ಕಿಟಕಿ, ದಪ್ಪ ಗೋಡೆ. ರಾಜನ ಖಜಾನೆ ಇದ್ದೋರು ಮಾಡಿದ ಕೆಲಸ ಅದು. ನಮ್ಮ ಲಾಲ್‌ಬಾಗ್ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿ. ಆದ್ರೆ ಇಲ್ಲಿ ಅದನ್ನ ಗಿಡ ಬೆಚ್ಚಗಿಡೋಕೆ ಕಟ್ಟಲಿಲ್ಲ, ಹೂವಿನ ಪ್ರದರ್ಶನಕ್ಕೆ ಕಟ್ಟಿದ್ರು. ಬ್ರಿಟಿಷರು ಕೂಡ ಇಲ್ಲಿಗೆ ಬಂದು ಆಕಾರ ಕಾಪಿ ಮಾಡಿದ್ರು, ಕಾರಣ ಕಾಪಿ ಮಾಡಲಿಲ್ಲ. ನಾವು ರೀಲ್ ನೋಡಿ ಕಾರಣ ಇಲ್ಲದೇ ಕಾಪಿ ಹೊಡೀತೀವಿ.

ಪೋಸ್ಟ್ 7

ಈಗ ಕಾಮೆಂಟಲ್ಲಿ ಬಂದಿರೋ ಪ್ರಶ್ನೆ: "ಬ್ರೋ, ಹೊರಗಿದ್ರೂ ನಮ್ಮ ಮಲ್ಲಿಗೆ ಡಿಸೆಂಬರಲ್ಲಿ ಹೂ ಬಿಡಲ್ಲ, ಎಲೆ ಉದುರುತ್ತೆ, ಅದು ಚಳಿಗೆ ತಾನೇ?"

ಹೌದು, ಚಳಿಗೇ. ಆದ್ರೆ ಅದು ರಜೆ, ಕಾಯಿಲೆ ಅಲ್ಲ. ದುಂಡು ಮಲ್ಲಿಗೆ ಚಳಿಗಾಲದಲ್ಲಿ ಸುಮ್ಮನಾಗುತ್ತೆ. ಸಂಕ್ರಾಂತಿ ಹೊತ್ತಲ್ಲಿ ಮಲ್ಲಿಗೆ ಮೊಳದ ರೇಟ್ ಕೇಳಿ ನಿಮ್ಮಮ್ಮ ಯಾಕೆ ಮುಖ ತಿರುಗಿಸ್ತಾಳೆ? ತೋಟದಲ್ಲೂ ಹೂ ಕಮ್ಮಿ, ಅದಕ್ಕೆ. ಬೆಳೆಯೋರು ಈ ರಜೆಯನ್ನ ಬಳಸ್ಕೋತಾರೆ. ನೀರು ಕಮ್ಮಿ ಮಾಡಿ, ನವೆಂಬರ್ ಕೊನೆಯಿಂದ ಜನವರಿಯೊಳಗೆ ಗಿಡ ಸವರಿ, ಉಳಿದ ಎಲೆಯನ್ನೂ ಕೆಲವರು ಉದುರಿಸಿ, ಆಮೇಲೆ ಗೊಬ್ಬರ ನೀರು ಕೊಡ್ತಾರೆ. ಬೇಸಿಗೆಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು. ಬಿಸಿಲು ಮಾತ್ರ ಅದೇ ಇರಬೇಕು.

ನನ್ನ ಅಮ್ಮ ಹನ್ನೊಂದು ವರ್ಷ ಮಾಡಿದ್ದೂ ಇದನ್ನೇ. ಕಾರ್ತಿಕ ಕಳೆದ ಮೇಲೆ ಒಂದು ಭಾನುವಾರ ಕತ್ತರಿ ತಗೊಂಡು ಟೆರೇಸಿಗೆ ಹೋಗೋಳು. ದಿನಾ ಹಾಕ್ತಿದ್ದ ನೀರು ಎರಡು ಮೂರು ದಿನಕ್ಕೊಮ್ಮೆ ಆಗೋದು. ಗುಲಾಬಿ ಎಲೆ ಮೇಲೆ ಇಬ್ಬನಿಗೆ ಬೂದಿ ಥರ ಬಂದ್ರೆ ಆ ಎಲೆ ಕಿತ್ತು ಬಿಸಾಡೋಳು. ಸಂಜೆ ನೀರು ಹಾಕಲ್ಲ, ಬೆಳಗ್ಗೆ ಮಾತ್ರ. ಮುಗೀತು ಅವಳ ವಿಂಟರ್ ಕೇರ್. ಯಾರೂ ರೆಕಾರ್ಡ್ ಮಾಡಲಿಲ್ಲ, ಅದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ನನಗೆ ಅದು ಜ್ಞಾನ ಅಂತಲೇ ಅನ್ನಿಸಿರಲಿಲ್ಲ. ನನ್ನ ಮೇಲೆ ನನಗೆ ಸಿಟ್ಟು ಬರೋದು ಇಲ್ಲೇ.

ಪೋಸ್ಟ್ 8

ದುಡ್ಡಿನ ವಿಷ್ಯ. ನಮ್ಮ ಡಿಪಾರ್ಟ್‌ಮೆಂಟ್.

ಆ ರೀಲ್ ಕೆಳಗೆ ಲಿಂಕ್ ಇತ್ತು. ಗ್ರೋ ಲೈಟ್ 899 ರೂಪಾಯಿ, "ವಿಂಟರ್ ಟಾನಿಕ್" 249, ಎಲೆ ಒರೆಸೋ ಸ್ಪ್ರೇ 199. ಎಲೆ ಹಳದಿಯಾದಾಗ ನಾನು ಲೈಟ್ ತರಿಸಿದೆ, ಟ್ಯೂಷನ್ ಹೇಳಿಕೊಟ್ಟ ದುಡ್ಡಲ್ಲಿ. ಕ್ಲಿಪ್ ಹಾಕೋ ನೇರಳೆ ಬಣ್ಣದ ಲೈಟು. ಹಾಲ್ ಪೂರ್ತಿ ಡಿಜೆ ನೈಟ್ ಥರ ಕಾಣ್ತಿತ್ತು, ಅಪ್ಪ ನ್ಯೂಸ್ ನೋಡೋಕಾಗ್ದೇ ರೂಮಿಗೆ ಹೋಗೋರು. ಗ್ರೋ ಲೈಟೇ ಮೋಸ ಅಂತ ಹೇಳ್ತಿಲ್ಲ. ತಕ್ಕಷ್ಟು ಶಕ್ತಿದು, ಗಿಡಕ್ಕೆ ಹತ್ತಿರ, ದಿನಕ್ಕೆ 12-14 ಗಂಟೆ ಉರಿಸಿದ್ರೆ ಕೆಲಸ ಮಾಡುತ್ತೆ, ಹಿಮದ ದೇಶದಲ್ಲಿ ಅದು ಬೇಕು. ಆದ್ರೆ ನನ್ನ ತಲೆ ಮೇಲೆ ಎರಡು ಮಹಡಿ ಹತ್ತಿದ್ರೆ ಸೂರ್ಯ ಇದ್ದ. ಫ್ರೀ.

ಅಷ್ಟಾದ್ರೂ ಗಿಡ ಯಾಕೆ ವಾಪಸ್ ಮೇಲೆ ಒಯ್ಯಲಿಲ್ಲ? 899 ಕೊಟ್ಟಿದ್ದೆ, ಅದಕ್ಕೆ. ಸಂಕ್ ಕಾಸ್ಟ್ ಅಂತ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದು ಬಂದಿದ್ದೆ. ಮನೇಲಿ ಅದೇ ತಪ್ಪು ಮಾಡ್ತಾ ಇದೀನಿ ಅಂತ ಹೊಳೀಲೇ ಇಲ್ಲ.

ಲಾಭದ ಲೆಕ್ಕ ಹೀಗಿದೆ. ಗಿಡ ಹೊರಗೇ ಇದ್ರೆ ಯಾರಿಗೂ ಕಮಿಷನ್ ಇಲ್ಲ. ಒಳಗೆ ಬಂದ್ರೆ ಲೈಟು ಬೇಕು, ಟಾನಿಕ್ ಬೇಕು, ಹುಳದ ಔಷಧಿ ಬೇಕು, ಸತ್ರೆ ಹೊಸ ಗಿಡ ಬೇಕು. ರೀಲ್ ಮಾಡೋರೆಲ್ಲ ಕೆಟ್ಟೋರು ಅಂತಲ್ಲ. ಅರ್ಧಕ್ಕರ್ಧ ಜನ ನನ್ನ ಥರಾನೇ ಇಂಗ್ಲಿಷ್ ವಿಡಿಯೋ ನೋಡಿ ಕನ್ನಡಕ್ಕೆ ತಿರುಗಿಸಿರ್ತಾರೆ. ಭಾಷೆ ಬದಲಾಯಿಸಿದ್ರು, ಡಿಗ್ರಿ ಬದಲಾಯಿಸಲಿಲ್ಲ.

ಪೋಸ್ಟ್ 9

ಇದೇ ಕಾಪಿ ಹೊಡೆಯೋ ಚಟದ ಇನ್ನೊಂದು ಮುಖ ಡಿಸೆಂಬರಲ್ಲಿ ಕಾಣುತ್ತೆ: ಪಾಯಿನ್ಸೆಟಿಯಾ. ಕೆಂಪೆಲೆಯ ಕ್ರಿಸ್‌ಮಸ್ ಗಿಡ. ಕೆಫೆಗಳು, ಆಫೀಸ್ ರಿಸೆಪ್ಷನ್‌ಗಳು ಸಾಲಾಗಿ ತಂದಿಡ್ತವೆ, ಜನವರಿ ಮೊದಲ ವಾರ ಕಸದ ಗಾಡಿಗೆ. ಯಾಕೆ ಬಿಸಾಡ್ತೀರಾ ಅಂತ ಪಾರ್ಟ್‌ಟೈಮ್ ಕೆಲಸ ಮಾಡ್ತಿದ್ದ ಕಡೆ ಕೇಳಿದ್ರೆ, "ಸೀಸನ್ ಪ್ಲಾಂಟ್ ಅದು, ಉಳಿಯಲ್ಲ" ಅಂದ್ರು.

ಉಳಿಯಲ್ಲ ಅನ್ನೋದು ಹಿಮ ಬೀಳೋ ಊರಿನ ಮಾತು. ಅದರ ತವರು ಮೆಕ್ಸಿಕೋ. 1820ರ ದಶಕದಲ್ಲಿ ಅಲ್ಲಿದ್ದ ಅಮೆರಿಕದ ರಾಯಭಾರಿ ಪಾಯಿನ್ಸೆಟ್ ತನ್ನ ದೇಶಕ್ಕೆ ಕಳಿಸಿದ, ಅವನ ಹೆಸರೇ ನಿಂತಿತು. ಬೆಂಗಳೂರಲ್ಲಿ ನೆಲಕ್ಕೆ ನೆಟ್ರೆ ಆಳೆತ್ತರ ದಾಟಿ ಬೆಳೆಯುತ್ತೆ, ಹಳೇ ಬಂಗಲೆ ಕಾಂಪೌಂಡುಗಳಲ್ಲಿ ನೋಡಿರ್ತೀರಿ, ಹೆಸರು ಗೊತ್ತಿರಲ್ಲ ಅಷ್ಟೇ. ಕೆಂಪಗಿರೋದು ಹೂವಲ್ಲ, ಎಲೆ. ಹೂ ಮಧ್ಯದಲ್ಲಿರೋ ಹಳದಿ ಗುಂಡಿಗಳು. ರಾತ್ರಿ ಉದ್ದ ಆದಾಗ, ದಿನಕ್ಕೆ 14 ಗಂಟೆಯಷ್ಟು ಕತ್ತಲು ಎರಡು ತಿಂಗಳು ಸತತ ಸಿಕ್ರೆ ಎಲೆ ಚೆನ್ನಾಗಿ ಕೆಂಪಾಗುತ್ತೆ. ಹಾಲ್‌ನಲ್ಲಿ ರಾತ್ರಿ ಹನ್ನೊಂದರ ತನಕ ಟಿವಿ, ಟ್ಯೂಬ್‌ಲೈಟ್ ಇದ್ರೆ ಆಗಲ್ಲ. ಬೀದಿದೀಪದ ಕೆಳಗೂ ಕಷ್ಟ.

ನಮ್ಮನೇಲಿ ನೆಲ ಇಲ್ಲ. ಹೋದ ಜನವರಿ ಆ ಕೆಲಸದ ಜಾಗದಿಂದ ಮೂರು ಎತ್ಕೊಂಡು ಬಂದೆ, ಎರಡನ್ನ ಅಪ್ಪನ ಫ್ರೆಂಡ್ ಒಬ್ಬರ ಸೈಟಿನ ಬೇಲಿಗೆ ನೆಟ್ವಿ. ಕತ್ತರಿಸಿದಾಗ ಬರೋ ಹಾಲು ಚರ್ಮಕ್ಕೆ ಉರಿ, ಗ್ಲೌಸ್ ಹಾಕ್ಕೊಳ್ಳಿ. ಎರಡೂ ಬದುಕಿವೆ, ಎರಡನೇ ಫೋಟೋ ಅದೇ.

ಪೋಸ್ಟ್ 10, ಕೊನೇದು

ಯಾರ ಮನೆಗೆ ನನ್ನ ಮಾತು ಅನ್ವಯಿಸಲ್ಲ ಅಂತಲೂ ಹೇಳ್ಬೇಕು, ಇಲ್ಲಾಂದ್ರೆ ನಾನೂ ಆ ರೀಲ್ ಥರಾನೇ.

ಊಟಿಯಲ್ಲಿ ನಿಜಕ್ಕೂ ಹಿಮ ಬೀಳುತ್ತೆ, ಹುಲ್ಲು ಬೆಳ್ಳಗಾಗುತ್ತೆ. ಬೀದರ್ ಕಡೆ ಕೆಲವು ರಾತ್ರಿ ಹತ್ತಕ್ಕಿಂತ ಕೆಳಗೆ ಇಳಿಯುತ್ತೆ. ಕೊಡಗಿನ ಎತ್ತರದ ಊರುಗಳಲ್ಲಿರೋರು, ದೆಹಲಿಗೆ ಓದೋಕೆ ಹೋಗಿರೋ ನಮ್ಮ ಸೀನಿಯರ್‌ಗಳು, ನಿಮ್ಮ ಥರ್ಮಾಮೀಟರ್ ನೋಡಿ ತೀರ್ಮಾನ ಮಾಡಿ. ಆಗಲೂ ಮೂರು ತಿಂಗಳು ಒಳಗೆ ಹಾಕಿ ಬಾಗಿಲು ಮುಚ್ಚೋದು ಬೇಡ. ಕುಂಡನ ಬಿಸಿಲು ಬೀಳೋ ಗೋಡೆಗೆ ಒತ್ತರಿಸಿ. ಗೋಡೆ ಹಗಲು ಹೀರಿದ ಶಾಖ ರಾತ್ರಿ ಬಿಡುತ್ತೆ. ತೀರಾ ಚಳಿಯ ರಾತ್ರಿ ಹಳೇ ಪಂಚೆ ಹೊದಿಸಿ, ಬೆಳಗ್ಗೆ ತೆಗೀರಿ. ಹಿಮದ ರಾತ್ರಿ ಮಾತ್ರ ಒಳಗೆ ತಂದು ಮಾರನೇ ದಿನ ಹೊರಗೆ. ಆಫ್ರಿಕನ್ ವಯಲೆಟ್, ಆಂಥೂರಿಯಂ ಇಟ್ಕೊಂಡಿರೋರು ಹೇಗಿದ್ರೂ ನೆರಳಲ್ಲೇ ಸಾಕ್ತಿರ್ತೀರಿ, ಹಾಗೇ ಮುಂದುವರಿಸಿ.

ಈಗಾಗಲೇ ಒಳಗೆ ತಂದಿದ್ರೆ ಇವತ್ತೇ ವಾಪಸ್ ಒಯ್ಯಿರಿ. ನೇರ ಬಿಸಿಲಿಗಲ್ಲ, ಮೊದಲು ನಾಲ್ಕೈದು ದಿನ ಟ್ಯಾಂಕಿನ ನೆರಳಲ್ಲಿ. ಮಣ್ಣು ಒಣಗೋ ತನಕ ಒಂದು ಹನಿ ನೀರೂ ಬೇಡ. ಕಡ್ಡಿ ಕೆರೆದು ನೋಡಿ, ಒಳಗೆ ಹಸಿರಿದ್ರೆ ಉಳಿಯೋ ಚಾನ್ಸ್ ಇದೆ.

ನಮ್ಮ ಮಲ್ಲಿಗೆ ವಿಷ್ಯ ಪೂರ್ತಿ ಹೇಳಿರಲಿಲ್ಲ. ಅದು ಸತ್ತು ನಾಲ್ಕು ತಿಂಗಳಾದ ಮೇಲೆ, ಬ್ಲೌಸ್ ಹೊಲಿಯೋಕೆ ಕೊಡಕ್ಕೆ ಹಿಂದಿನ ಬೀದಿಯ ಟೈಲರ್ ಆಂಟಿ ಮನೆಗೆ ಅಮ್ಮನ ಜೊತೆ ಹೋಗಿದ್ದೆ. ಅವರ ಮೆಟ್ಟಿಲ ಪಕ್ಕ ಒಂದು ದುಂಡು ಮಲ್ಲಿಗೆ ಪೂರ್ತಿ ಹೂ ಬಿಟ್ಟಿತ್ತು. ಅಮ್ಮ ಅದನ್ನೇ ನೋಡ್ತಾ ನಿಂತ್ಲು. ಆಂಟಿ ನಕ್ಕು, "ಏನಕ್ಕ ಹಾಗೆ ನೋಡ್ತೀರಾ, ನೀವೇ ಕೊಟ್ಟ ಕಡ್ಡಿ ಅಲ್ವಾ, ಆರು ವರ್ಷ ಆಯ್ತು" ಅಂದ್ರು. ಅಮ್ಮನಿಗೆ ಮರೆತೇ ಹೋಗಿತ್ತು.

ಜೂನ್ ಮಳೆ ಶುರುವಾದ್ಮೇಲೆ ಅದರ ಒಂದು ಕೊಂಬೆ ಬಗ್ಗಿಸಿ, ಗಿಣ್ಣಿನ ಹತ್ರ ತೊಗಟೆ ಸ್ವಲ್ಪ ಕೆರೆದು, ಪಕ್ಕದ ಕುಂಡದ ಮಣ್ಣಲ್ಲಿ ಹೂತು ಕಲ್ಲು ಹೇರಿ ಬಂದ್ವಿ. ಬೇರು ಬಂದ್ಮೇಲೆ ಕತ್ತರಿಸಿ ತಂದ್ವಿ. ಈಗ ಮೊಣಕಾಲೆತ್ತರ ಇದೆ. ಟೆರೇಸಿನಲ್ಲಿ, ಟ್ಯಾಂಕಿನ ಪೂರ್ವಕ್ಕೆ, ಬೆಳಗಿನ ಬಿಸಿಲು ನೇರ ಬೀಳೋ ಕಡೆ.

ಇವತ್ತು ರಾತ್ರಿ 15 ಡಿಗ್ರಿ ಅಂತ ಫೋನ್ ತೋರಿಸ್ತಿದೆ. ನಾನು ಸ್ವೆಟರ್ ಹಾಕ್ಕೊಂಡು ಇದನ್ನ ಟೈಪ್ ಮಾಡ್ತಿದೀನಿ. ಗಿಡ ಹೊರಗೇ ಇದೆ. ಕಡ್ಡಿ ಬೇಕಾದೋರು ಈಗ ಕೇಳಬೇಡಿ, ಮಳೆಗಾಲಕ್ಕೆ ಡಿಎಂ ಮಾಡಿ. ಕುಂಡ ನೀವೇ ತರಬೇಕು.